ಜಟ್ಟಪ್ಪನ ದೀಪ

ಅಪ್ಪ ಜಟ್ಟಪ್ಪನ ಚಟ್ಟದ ಒಂದು ತುದಿಯನ್ನು ಬಂಗಾರಮ್ಮನೇ ಹಿಡಿದು ನಿಂತಿದ್ದಳು. ಹೆಂಗಸು ಹೆಣ ಹೊರುವುದುಂಟೇ ಎಂದು ಚಿಕ್ಕಪ್ಪ ಕೆರಿಯಪ್ಪ ತಡೆಯುತ್ತಲೇ ಇದ್ದ. ಆದರೆ ಮುಳುಗಡೆಯ ನೀರಿನ ನಡುವೆ ಉಳಿದ ಆ ಗುಡ್ಡದಲ್ಲಿದ್ದವು ಎರಡೇ ಮನೆ. ಆನಂದಪುರದಿಂದ ಹಿಂದಿನ ದಿನ ಬಂದಿದ್ದ ಕೆರಿಯಪ್ಪನನ್ನೂ ಸೇರಿಸಿದರೆ ಗಂಡಸರು ಮೂವರು.

ಆಗ ಮಂಜಿನೊಳಗಿಂದ ಒಂದು ದೋಣಿ ಬಂದು ದಡಕ್ಕೆ ತಾಗಿತು. ಇಳಿದವನು ಆಚೆ ದಡದ ಹುಲಿಯಪ್ಪ. ಮೂರು ವರ್ಷದಿಂದ ಅವನು ಜಟ್ಟಪ್ಪನ ಜೊತೆ ಒಂದು ಮಾತೂ ಆಡಿರಲಿಲ್ಲ.

ಹುಲಿಯಪ್ಪ ಯಾರ ಮುಖವನ್ನೂ ನೋಡದೆ ನೇರ ಬಂದ.

"ಬಿಡು ಮಗ, ನಾ ಹಿಡೀತೀನಿ," ಎಂದು ಅವಳ ಕೈಯಿಂದ ಬಿದಿರು ತೆಗೆದುಕೊಂಡು ಹೆಗಲು ಕೊಟ್ಟ.

*

ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಂತ ಅರವತ್ತನಾಲ್ಕರ ಮಳೆಗಾಲ. ಊರು ಬಿಡುವವರನ್ನು ಜಟ್ಟಪ್ಪ ತನ್ನ ದೋಣಿಯಲ್ಲಿ ದಾಟಿಸುತ್ತಿದ್ದ. ಒಂದು ಸಂಜೆ ಕಡೆಯ ಸರದಿಗೆ ಹತ್ತಿದವಳು ಹುಲಿಯಪ್ಪನ ಹೆಂಡತಿ ಗುತ್ಯಮ್ಮ. ಗಂಡ ಆಚೆ ದಡದಲ್ಲಿ ಕಾಯುತ್ತಿದ್ದ. ಕತ್ತಲಾಯಿತು, ನಾಳೆ ಹೋಗೋಣ ಎಂದು ಅವಳು ಹೇಳಿದ್ದನ್ನು ಜಟ್ಟಪ್ಪನೇ ಆಮೇಲೆ ಎಲ್ಲರ ಮುಂದೆ ಒಪ್ಪಿಕೊಂಡ. ತನಗೆ ಗೊತ್ತಿಲ್ಲದ ದಾರಿಯೇ ಎಂದು ಹುಟ್ಟು ಹಾಕಿದ್ದ. ನಡುನೀರಿನಲ್ಲಿ ಮುಳುಗಿ ನಿಂತಿದ್ದ ಮತ್ತಿಮರದ ತುದಿ ಅಡಿಗೆ ಬಡಿದು ದೋಣಿ ಮಗುಚಿತು. ಜಟ್ಟಪ್ಪ ಈಜಿ ಬದುಕಿದ. ಗುತ್ಯಮ್ಮ ಸಿಕ್ಕಿದ್ದು ಮೂರನೆಯ ದಿನ.

ಆಮೇಲೆ ಅವನು ದೋಣಿ ಮುಟ್ಟಲಿಲ್ಲ. ಮುಳುಗಿದ ಹೊಲಕ್ಕೆ ಬದಲಾಗಿ ಸರ್ಕಾರ ಆನಂದಪುರದ ಹತ್ತಿರ ಕೊಟ್ಟ ಜಮೀನನ್ನು ತಮ್ಮನಿಗೆ ಬಿಟ್ಟು, ಗುಡ್ಡದ ಅಂಚಿನಲ್ಲಿ ಕಂಬ ನೆಟ್ಟು ಲಾಟೀನು ಕಟ್ಟಿದ. ದೀಪಕ್ಕೆ ನೇರವಾಗಿ ಬಂದರೆ ದೋಣಿ ಮರಗಳಿಲ್ಲದ ಹಳೆಯ ಗದ್ದೆಬಯಲಿನ ಮೇಲೆಯೇ ಸಾಗುತ್ತಿತ್ತು. ಬುಟ್ಟಿ ಹೆಣೆದು ಮಾರಿ ಸಾಗರದಿಂದ ಸೀಮೆಎಣ್ಣೆ ತರಿಸುತ್ತಿದ್ದ. ಚಳಿಜ್ವರ ಬಂದ ದಿನವೂ ಮಗಳ ಹೆಗಲು ಹಿಡಿದು ಹೋಗಿ ಹಚ್ಚಿದ. ಆ ನೀರಿನಲ್ಲಿ ಮತ್ತೆ ಯಾರೂ ಸಾಯಲಿಲ್ಲ.

ಹುಲಿಯಪ್ಪನ ಹತ್ತಿರ ಹೋಗಿ ಒಂದು ಮಾತು ಆಡಿ ಬಾ ಎಂದು ಬಂಗಾರಮ್ಮ ಎಷ್ಟೋ ಸಲ ಹೇಳಿದ್ದಳು.

"ಹೋಗಿ ಎಂತ ಹೇಳ್ಲಿ?" ಎನ್ನುತ್ತಿದ್ದ.

*

ಚಿತೆ ಉರಿದ ಮೇಲೆ ಎಲ್ಲರೂ ಹಿನ್ನೀರಿನಲ್ಲಿ ಮುಳುಗಿ ಎದ್ದರು. ಕೆರಿಯಪ್ಪ ಅಣ್ಣನ ಮಗಳ ಬಟ್ಟೆಗಂಟನ್ನು ದೋಣಿಗೆ ಹಾಕಲು ಹೊರಟ. ಗಂಡ ಮೊದಲೇ ಹೋದ, ಈಗ ಅಪ್ಪನೂ ಇಲ್ಲ, ಒಬ್ಬಳೇ ಇಲ್ಲಿ ಹೇಗಿರುತ್ತಿ ಎಂದು ಕೇಳಿದ.

"ನಾ ಬರಾದಿಲ್ಲ ಚಿಕ್ಕಪ್ಪ. ಇವತ್ತು ಸಂಜೆಗೂ ದೋಣಿ ಬರ್ತಾವೆ."

"ನಿಮ್ಮಪ್ಪ ತಪ್ಪು ಮಾಡಿದ್ದ, ಅದಕ್ಕೆ ಹಚ್ಚಿದ. ನಿಂಗೆಂತ ಆಗ್ಬೇಕು?"

ಆ ಮಾತಿಗೆ ಎಲ್ಲರ ಕಣ್ಣೂ ಹುಲಿಯಪ್ಪನ ಕಡೆ ಹೋಯಿತು. ಅವನು ಉಟ್ಟ ಪಂಚೆಯ ಸೆರಗನ್ನು ಹಿಂಡುತ್ತ ನಿಂತಿದ್ದ.

"ಆ ಕಂಬ ಗಿಡ್ಡ ಆತು," ಎಂದ ಕೊನೆಗೆ. "ಮಂಜು ಬಿದ್ದಾಗ ಆಚೆ ತಿರುವಿಂದ ಕಾಣಾದಿಲ್ಲ. ಮೂರು ವರ್ಷದಿಂದ ದಿನಾ ನೋಡ್ತಿದೀನಿ. ಇನ್ನೊಂದು ಮಾರು ಎತ್ರ ಬೇಕು."

ಬಂಗಾರಮ್ಮ ಒಳಗೆ ಹೋಗಿ ಹಾರೆ ತಂದು ಅವನ ಕೈಗೆ ಕೊಟ್ಟಳು.

ಕೆರಿಯಪ್ಪನ ದೋಣಿ ದಡ ಬಿಟ್ಟಾಗ ಹುಲಿಯಪ್ಪ ಒದ್ದೆ ಪಂಚೆಯಲ್ಲೇ ಎತ್ತರದ ಕಂಬಕ್ಕೆ ಹೊಸ ಗುಂಡಿ ತೋಡುತ್ತಿದ್ದ. ಬಂಗಾರಮ್ಮ ಎದುರಿಗೆ ಮಂಡಿಯೂರಿ, ಅವನು ಸಡಿಲಿಸಿದ ಮಣ್ಣನ್ನು ಎರಡೂ ಕೈಯಿಂದ ಮೊಗೆದು ಹೊರಗೆ ಹಾಕುತ್ತಿದ್ದಳು.