ಮುಚ್ಚಳ ತಟ್ಟಿ ತೆರೆಯುವವರು

ರತ್ನಾಕರ ಆಳ್ವರು ಯಾವ ಮುಚ್ಚಳವನ್ನೂ ತಟ್ಟದೆ ತೆರೆದವರಲ್ಲ. ಊಟದ ಬುತ್ತಿಯಿರಲಿ, ಅಕ್ಕಿಯ ಡಬ್ಬವಿರಲಿ, ಕಚೇರಿಯ ಉಗ್ರಾಣದಲ್ಲಿ ಮೊಳೆ ತುಂಬಿಟ್ಟ ತಗಡಿನ ಪೆಟ್ಟಿಗೆಯಿರಲಿ, ಬಲಗೈಯ ನಡುಬೆರಳಿನ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿ, ಒಂದು ಉಸಿರಿನಷ್ಟು ಹೊತ್ತು ಕಾದು, ಆಮೇಲೆಯೇ ತೆರೆಯುತ್ತಿದ್ದರು. ಒಮ್ಮೆ ತಿರುವನಂತಪುರದ ಹೋಟೆಲೊಂದರಲ್ಲಿ ಸಕ್ಕರೆಯ ಡಬ್ಬಿಯನ್ನು ಹೀಗೆ ತಟ್ಟಿದಾಗ, ಚಹ ತಂದವನು "ಅಗತ್ತು ಆರುಮಿಲ್ಲ ಸಾರೇ" ಎಂದ. ಒಳಗೆ ಯಾರೂ ಇಲ್ಲವೆಂದು. ಆಳ್ವರೂ ಅವನೊಂದಿಗೆ ಮನಸಾರೆ ನಕ್ಕರು. ಮರುದಿನ ಅದೇ ಡಬ್ಬಿಯನ್ನು ಮತ್ತೆ ತಟ್ಟಿದರು.

ಕೊಚ್ಚಿಯಲ್ಲಿ ನಾನು ಅವರನ್ನು ಮೊದಲು ಕಂಡಾಗ ಈ ಅಭ್ಯಾಸ ಅವರಿಗಿರಲಿಲ್ಲ. ಅದು ಬಂದ ಬಗೆಯನ್ನು ಬರೆಯಬೇಕಾದರೆ ನನ್ನದೊಂದು ತಪ್ಪನ್ನೂ ಬರೆಯಬೇಕಾಗುತ್ತದೆ.

ಸಾವಿರದ ಒಂಬೈನೂರ ಅರವತ್ತಾರರಲ್ಲಿ, ನಾಗಮಂಗಲದ ಕಡೆಯ ಹಳ್ಳಿಯೊಂದರಿಂದ, ನಮ್ಮ ಮನೆಯಲ್ಲಿ ಮೊತ್ತಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನೆಂಬ ಹೆಮ್ಮೆಯನ್ನೂ ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಪದವಿಯನ್ನೂ ಹೊತ್ತುಕೊಂಡು, ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕೇಂದ್ರ ಸರಕಾರದ ಕಚೇರಿಗೆ ಗುಮಾಸ್ತನಾಗಿ ಬಂದೆ. ಆಳ್ವರು ಅಲ್ಲಿಯ ಉಗ್ರಾಣದವರು, ಬಂಟ್ವಾಳದ ಕಡೆಯವರು, ಎಂಟನೆಯ ತರಗತಿಗೆ ಓದು ಬಿಟ್ಟವರು. ಫೋರ್ಟ್ ಕೊಚ್ಚಿಯ ಬಾಡಿಗೆ ಮನೆಯಿಂದ ದಿನವೂ ಬೋಟಿನಲ್ಲಿ ಬಂದು ಬಂದು, ನೆಲದ ಮೇಲೂ ಕಾಲುಗಳನ್ನು ಕೊಂಚ ಅಗಲಿಸಿ, ಭೂಮಿ ಯಾವಾಗ ಓಲಾಡೀತೋ ಎಂಬ ಎಚ್ಚರದಲ್ಲಿ ನಡೆಯುತ್ತಿದ್ದರು. ಏಪ್ರಿಲ್ ತಿಂಗಳ ಬೆವರಿನಲ್ಲೂ ಖಾಕಿ ಕೋಟು ಕಳಚುತ್ತಿರಲಿಲ್ಲ. ಅದರ ನಾಲ್ಕು ಜೇಬುಗಳಲ್ಲಿ ಸೀಸದ ಕಡ್ಡಿ, ಮಡಚುವ ಅಳತೆಗೋಲು, ನೂಲುಂಡೆ, ಮರಳುಕಾಗದ. ಅಲ್ಲಿಂದ ಉಪಕರಣಗಳನ್ನು ದೂರದೂರಿಗೆ ಕಳಿಸುವಾಗ ಮರದ ಪೆಟ್ಟಿಗೆಯನ್ನು ಬಡಗಿಯ ಕೈಗೆ ಬಿಡದೆ ತಾವೇ ಮಾಡುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ಹೋದ ಗಾಜು ಒಡೆದದ್ದು ನನಗೆ ಗೊತ್ತಿಲ್ಲ. "ಅಳತೆ ಎಷ್ಟು? ಅಂದಾಜು ಬೇಡ" ಎಂಬುದು ಅವರ ನಾಲಗೆಯ ತುದಿಯ ಮಾತು. ಹೆಂಡತಿ ರಾಜೀವಿಯಕ್ಕ ಉಪ್ಪು ತನ್ನಿ ಎಂದರೂ ಅದೇ ಪ್ರಶ್ನೆ.

ನನ್ನನ್ನು ಅವರು "ಬಿ.ಎಸ್ಸಿ.ಯವರೇ" ಎಂದು ಕರೆಯುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ. ಓದು ನಿಂತುಹೋದವರಿಗೆ ಓದಿದವರ ಮೇಲಿರುವ ಗೌರವವಿತ್ತು. ಪುಸ್ತಕವನ್ನು ಉರು ಹೊಡೆದು ಪಾಸಾದ ನಾನು ಆ ಗೌರವವನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳುತ್ತಿದ್ದೆ.

ಎಪ್ಪತ್ತೊಂದರಲ್ಲಿ ನಮ್ಮಿಬ್ಬರಿಗೂ ತಿರುವನಂತಪುರದ ಗೆಡ್ಡೆಗೆಣಸು ಸಂಶೋಧನಾ ಕೇಂದ್ರಕ್ಕೆ ವರ್ಗವಾಯಿತು. ಅಲ್ಲಿಯ ಶ್ರೀಕಾರ್ಯಂ ಬಡಾವಣೆಯಲ್ಲಿ ಅಕ್ಕಪಕ್ಕದ ಮನೆಗಳು ಸಿಕ್ಕವು. ಎರಡು ವರ್ಷ ಕಳೆದು, ಮಳೆಗೆ ಮುಂಚಿನ ಒಂದು ಬೆಳಿಗ್ಗೆ, ಹಿತ್ತಿಲಾಚೆ ರಸ್ತೆಗಾಗಿ ಮುರಕಲ್ಲಿನ ದಿಬ್ಬ ಕಡಿಯುತ್ತಿದ್ದವರು ಒಮ್ಮೆಲೇ ಕೂಗಿಕೊಂಡರು. ಹೋಗಿ ನೋಡಿದರೆ, ಅಂಗೈ ಅಗಲದ, ಮೈಯೆಲ್ಲ ಕಂದು ರೋಮ ತುಂಬಿದ ಒಂದು ಜೇಡ. ಟರಾಂಟುಲಾ ಎಂದು ನಾನು ಚಿತ್ರದಲ್ಲಿ ಮಾತ್ರ ಕಂಡಿದ್ದ ಜಾತಿ. ಮುಂಗಾಲುಗಳನ್ನೆತ್ತಿ, ಎದುರಿಗೆ ಎತ್ತಿದ ಗುದ್ದಲಿಗೇ ಸವಾಲು ಹಾಕುವಂತೆ ನಿಂತಿತ್ತು. "ಕೊಲ್ಲಂಡ, ಕೊಲ್ಲಂಡ!" ಕೊಲ್ಲಬೇಡಿ ಎನ್ನುತ್ತ ಆಳ್ವರು ಓಡಿ ಬಂದು, ಆ ಎಂದೂ ಕಳಚದ ಕೋಟನ್ನು ಕಳಚಿ ಅದರ ಮೇಲೆ ಮುಚ್ಚಿದರು.

"ಇದನ್ನು ಮನೆಗೆ ತರ್ಲಿಕ್ಕುಂಟಾ?" ಎಂದರು ರಾಜೀವಿಯಕ್ಕ, ಅದನ್ನು ಹಾಕಿ ತಂದಿದ್ದ ಬಿಸ್ಕತ್ತಿನ ಡಬ್ಬದೊಳಗೆ ಇಣುಕಿ ಎರಡು ಹೆಜ್ಜೆ ಹಿಂದೆ ಸರಿದು. "ಅದು ಇಲ್ಲಿದ್ರೆ ನಾನು ಅಮ್ಮನ ಮನೆಗೆ ಹೋಗ್ತೇನೆ, ಹೇಳಿದ್ದೇನೆ."

"ಅದರ ಮನೆ ಕಡಿದು ಹಾಕಿದ್ದಾರೆ ಮಾರಾಯ್ತಿ. ಅದು ಎಲ್ಲಿಗೆ ಹೋಗುವುದು? ಜಗಲಿಯಲ್ಲಿ ಇರ್ತದೆ."

ಅಂದಿನಿಂದ ರಾಜೀವಿಯಕ್ಕ ಅದನ್ನು ಬಿಡಾರದವಳು ಎಂದೇ ಕರೆದರು, ಬಾಡಿಗೆಗೆ ಬಂದು ಕೂತವಳೆಂಬ ಅರ್ಥದಲ್ಲಿ. ಅಮ್ಮನ ಮನೆಗೆ ಮಾತ್ರ ಹೋಗಲಿಲ್ಲ.

ಅದೇ ಸಂಜೆ ಆಳ್ವರು ನನ್ನ ಬಳಿ ಬಂದು, ಸೀಸದ ಕಡ್ಡಿ ಹಿಡಿದು, "ಬಿ.ಎಸ್ಸಿ.ಯವರೇ, ಇದಕ್ಕೆ ಎಂಥ ಮನೆ ಆಗ್ಬೇಕು?" ಎಂದು ಕೇಳಿದರು. ಗೊತ್ತಿಲ್ಲ ಎನ್ನಬಹುದಾಗಿತ್ತು. ಪಠ್ಯಪುಸ್ತಕದಲ್ಲಿ ಕೊಂಬೆಯ ನಡುವೆ ಬಲೆ ನೇಯ್ದು ಕುಳಿತ ಜೇಡದ ಚಿತ್ರ ಕಣ್ಣಮುಂದೆ ಬಂತು. "ಎತ್ತರ ಬೇಕು, ಹತ್ತಲು ಕೊಂಬೆ ಬೇಕು, ಬೆಳಕು ಚೆನ್ನಾಗಿರಬೇಕು" ಎಂದೆ. ಅವರು ಬರೆದುಕೊಂಡರು.

ಅಂಥ ಮನೆಯನ್ನೇ ಕಟ್ಟಿದರು. ದಪ್ಪ ಗಾಜಿಗಾಗಿ ರಜೆ ಹಾಕಿ ಕೊಚ್ಚಿಯ ಮಟ್ಟಾಂಚೇರಿಯ ಹಳೆಯ ಸಾಮಾನಿನ ಅಂಗಡಿಗೆ ಹೋಗಿ, ನಾಲ್ಕು ಹಾಳೆಗಳನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. ತೇಗದ ಚೌಕಟ್ಟು, ಹಿತ್ತಾಳೆಯ ತಿರುಗಣೆ, ಎರಡೂವರೆ ಅಡಿ ಎತ್ತರ. ಒಳಗೆ ಗೋಡಂಬಿ ಮರದ ಕೊಂಬೆ, ಬುಡದಲ್ಲಿ ಅಂದಕ್ಕೆಂದು ಜೋಡಿಸಿದ ಬಿಳಿ ಕಲ್ಲುಗಳು. ನೆರೆಹೊರೆಯೆಲ್ಲ ನೋಡಲು ಬಂತು. ಕಚೇರಿಯ ಹಿರಿಯ ವಿಜ್ಞಾನಿ, ಮೈಸೂರಿನ ಡಾಕ್ಟರ್ ಉಮಾಮಹೇಶ್ವರ, ಅರ್ಧ ಗಂಟೆ ಜಗಲಿಯಲ್ಲಿ ಕುಳಿತು ನೋಡಿ, "ಓಣಂ ವಸ್ತುಪ್ರದರ್ಶನಕ್ಕೆ ಇದನ್ನ ಇಡೋಣ ಆಳ್ವ. ನಿಮ್ಮ ಹೆಸರು ಅಚ್ಚು ಹಾಕಿಸಿ ಮುಂದೆ ಇಡ್ತೀವಿ" ಎಂದರು. ಇಪ್ಪತ್ತು ವರ್ಷ ಉಗ್ರಾಣದ ಬಾಗಿಲಲ್ಲಿ ರಿಜಿಸ್ಟರು ಹಿಡಿದು ನಿಂತು, ಓದಿದವರ ರುಜು ಹಾಕಿಸಿಕೊಳ್ಳುತ್ತಿದ್ದ ಮನುಷ್ಯನ ಹೆಸರು ಅಚ್ಚಿನಲ್ಲಿ! ಆ ವಾರವೇ ಆಳ್ವರು ಜಗಲಿಗೆ ಎರಡು ಬೆತ್ತದ ಕುರ್ಚಿ ತಂದರು.

ಜೇಡ ಮಾತ್ರ ಏನನ್ನೂ ತಿನ್ನಲಿಲ್ಲ. ಕೊಂಬೆಯನ್ನು ಮೂಸಿಯೂ ನೋಡಲಿಲ್ಲ. ಗಾಜಿನ ಮೂಲೆ ಹಿಡಿದು ಮೇಲೇರಿ, ಹೊರದಾರಿ ಹುಡುಕುವವರಂತೆ ಮುಚ್ಚಳದಡಿ ತಡಕಾಡುತ್ತಿತ್ತು. ಹನ್ನೆರಡನೆಯ ದಿನ ಅಲ್ಲಿಂದ ಜಾರಿ ಆ ಬಿಳಿ ಕಲ್ಲುಗಳ ಮೇಲೆ ಬಿತ್ತು. ಒಂದು ಕಾಲು ಬುಡದಿಂದ ಕಳಚಿ ಬೇರೆ ಬಿದ್ದಿತ್ತು. ಹೊಟ್ಟೆಯ ಕೆಳಗೆ ನೀರಿನಂಥ ತಿಳಿ ದ್ರವ ಒಸರುತ್ತಿತ್ತು. ನಾನೂ ಆಳ್ವರೂ ಕೈಚೆಲ್ಲಿ ನಿಂತಿರುವಾಗ, ಅಲ್ಲಿಯವರೆಗೆ ಹತ್ತಿರ ಸುಳಿಯದ ರಾಜೀವಿಯಕ್ಕ ಒಳಗಿಂದ ಒಂದು ಬಟ್ಟಲು ಹಿಡಿದು ಬಂದರು. ಬಟ್ಟೆಗೆ ಗಂಜಿ ಹಾಕಲು ಇಟ್ಟುಕೊಂಡಿದ್ದ ಮರಗೆಣಸಿನ ಹಿಟ್ಟು. "ಬಟ್ಟೆಗೆ ಹಿಡಿಯುವುದು ಗಾಯಕ್ಕೆ ಹಿಡಿಯುದಿಲ್ವಾ? ಉದುರಿಸಿ ನೋಡಿ." ಆಳ್ವರು ಬಣ್ಣದ ಕುಂಚದ ತುದಿಯಿಂದ ಹಿಟ್ಟನ್ನು ಉದುರಿಸಿದರು. ಒಸರು ನಿಂತಿತು.

ಆಗ ನಾನು ಹೇಳಿದೆ: ನನಗೆ ಗೊತ್ತಿರಲಿಲ್ಲ ಆಳ್ವರೇ, ಗೊತ್ತಿದ್ದವನಂತೆ ಹೇಳಿದೆ.

ಅವರು ತಲೆಯೆತ್ತಲಿಲ್ಲ. "ನಿಮ್ಮನ್ನು ಕೇಳಿದೆ, ಅದನ್ನು ಕೇಳ್ಲಿಲ್ಲ. ಮನೆ ಕಟ್ಟುವಾಗ ಇರುವವರನ್ನಲ್ವಾ ಕೇಳ್ಬೇಕಾದ್ದು? ಗಾಜು ಅಳೆದೆ, ಮರ ಅಳೆದೆ. ಅದು ಇದ್ದ ಮಾಟೆ ಅಳೀಲಿಲ್ಲ." ಮಾಟೆ ಎಂದರೆ ಬಿಲ. ಮಾತು ಮುಗಿಸಿದವರೇ ಹಳೆಯ ಕೊಡೆಯ ಒಂದು ಕಡ್ಡಿಯನ್ನು ಕಿತ್ತುಕೊಂಡು ದಿಬ್ಬದ ಕಡೆ ಹೊರಟರು.

ದಿಬ್ಬದ ಅರ್ಧ ಇನ್ನೂ ಉಳಿದಿತ್ತು. ಅಂಥವೇ ಇನ್ನೆರಡು ಬಿಲಗಳು ಅದರಲ್ಲಿದ್ದವು. ಆಳ್ವರು ಮಂಡಿಯೂರಿ, ಕಡ್ಡಿಯನ್ನು ಒಳಕ್ಕೆ ಇಳಿಬಿಟ್ಟು ಆಳವನ್ನೂ ಓರೆಯನ್ನೂ ಅಳೆದರು. ಬಿಲದ ಬಾಯಲ್ಲಿ ಜೇಡ ನೇಯ್ದಿದ್ದ ನೂಲಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೇಲಿನ ಮಣ್ಣು ಒಣಗಿರುವುದನ್ನೂ ಗೇಣು ಕೆಳಗಿನದು ತಂಪಾಗಿರುವುದನ್ನೂ ಮೂಗಿಗೆ ಹಿಡಿದು ಅರಿತರು. ಐವತ್ತರ ಸಮೀಪದ ಆ ಮನುಷ್ಯ ಕೆಮ್ಮಣ್ಣು ಮೆತ್ತಿದ ಕೋಟಿನಲ್ಲಿ ನೆಲಕ್ಕೆ ಕೆನ್ನೆಯಿಟ್ಟು ಒಂದು ಹುಳುವಿನ ಬಾಗಿಲಿನೊಳಗೆ ನೋಡುತ್ತಿದ್ದ ದೃಶ್ಯ ನನಗೆ ಕಾಲೇಜಿನ ಮೂರು ವರ್ಷಗಳಲ್ಲಿ ದೊರೆಯದ ಪಾಠವಾಗಿತ್ತು.

ಎರಡನೆಯ ಮನೆ ನೋಡಲು ಕುರೂಪವಾಗಿತ್ತು. ಎರಡಡಿ ಆಳದ ಹಲಸಿನ ಹಲಗೆಯ ಪೆಟ್ಟಿಗೆ. ತಳದಲ್ಲಿ ಮುರಕಲ್ಲಿನ ಹುಡಿ, ಅದರ ಮೇಲೆ ದಿಬ್ಬದ್ದೇ ಕೆಮ್ಮಣ್ಣನ್ನು ಪದರ ಪದರವಾಗಿ ಒನಕೆಯಿಂದ ಗಟ್ಟಿಸಿ ತುಂಬಿದ್ದರು. ಮಣ್ಣಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳಿನಷ್ಟೇ ಜಾಗ, ಬಿದ್ದರೂ ಏಟಾಗದಂತೆ. ಗಾಳಿಗೆ ಪಕ್ಕದಲ್ಲಿ ಹಿತ್ತಾಳೆಯ ಜಾಲರಿ. ಒಂದು ಮೂಲೆಯಲ್ಲಿ ಬಿದಿರಿನ ಕೊಳವೆ ಹೂತು ನೀರೆರೆದರೆ ಅಡಿಯ ಮಣ್ಣು ತಂಪಾಗಿ, ಮೇಲಿನದು ಒಣಗಿಯೇ ಉಳಿಯುವ ಏರ್ಪಾಡು. ಕುಡಿಯಲು ಒಂದು ಪುಟ್ಟ ಕರಟ. ಕೊಡೆಯ ಕೋಲಿನಿಂದ ಓರೆಯಾಗಿ ನಾಲ್ಕಂಗುಲ ಕೊರೆದು, "ಇಷ್ಟು ನನ್ನ ಲೆಕ್ಕ. ಮುಂದಿನದು ಅದರದ್ದು" ಎಂದರು. ಕುಂಟುತ್ತ ಇಳಿದ ಜೇಡ ಕೋಲಿನ ಗುರುತಿನೊಳಗೆ ಹೊಕ್ಕಿತು. ಬೆಳಗಾಗುವಷ್ಟರಲ್ಲಿ ಬಿಲದ ಬಾಯಲ್ಲಿ ಹಿಡಿ ಮಣ್ಣಿನ ಗುಡ್ಡೆ. ನಾಲ್ಕನೆಯ ದಿನ ಒಂದು ಜಿರಲೆ ತಿಂದಿತು.

ಮುಚ್ಚಳ ತಟ್ಟುವ ಅಭ್ಯಾಸ ಆಗ ಬಂದದ್ದು. ಫಕ್ಕನೆ ತೆರೆದರೆ ಅದು ಬೆದರಿ ಓಡಿ ಗಾಯ ಬಿಚ್ಚಿಕೊಂಡೀತೆಂದು ಮೊದಲು ತಟ್ಟುವರು. ಅದು ನಿಧಾನವಾಗಿ ಒಳಗಿಳಿದ ಮೇಲೆ ತೆರೆಯುವರು. ಬಂದವರಿಗೆ ಹೀಗಾಗಿ ಮಣ್ಣೂ ಒಂದು ತೂತೂ ಅಲ್ಲದೆ ಏನೂ ಕಾಣುತ್ತಿರಲಿಲ್ಲ. "ಚಿಲಂದಿ ಎವಿಡೆ ಸಾರೇ?" ಜೇಡ ಎಲ್ಲಿ ಎಂದು ಕೇಳಿದರೆ, "ಅಗತ್ತುಂಡ್" ಎನ್ನುವರು; ಒಳಗಿದೆ ಎಂದು, ಬಾಗಿಲಿಗೆ ಬಂದವರಿಗೆ ಮನೆಯವರ ಬಗ್ಗೆ ಹೇಳುವ ಅದೇ ಧಾಟಿಯಲ್ಲಿ. "ಕಾಣದ ಜೇಡ ಸಾಕಲು ಇಷ್ಟು ದೊಡ್ಡ ಪೆಟ್ಟಿಗೆಯೇ?" ಎಂದು ನಗುತ್ತ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಬೆತ್ತದ ಕುರ್ಚಿಗಳ ಮೇಲೆ ರಾಜೀವಿಯಕ್ಕ ಹಪ್ಪಳ ಒಣಗಿಸತೊಡಗಿದರು.

ಓಣಂ ಹತ್ತಿರವಾದಾಗ ಜೇಡ ಬಿಲದ ಬಾಯಿಗೆ ಮಣ್ಣು, ನೂಲು ಕಲಸಿ ಮೆತ್ತಿ ಒಳಗಿಂದ ಮುಚ್ಚಿಕೊಂಡಿತು. ಮೂರು ವಾರ ಸದ್ದಿಲ್ಲ. ಡಾಕ್ಟರ್ ಉಮಾಮಹೇಶ್ವರ ಬಂದು ನೋಡಿದರು. ಅವರು ಒಳ್ಳೆಯವರು, ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂಬ ಆಸೆ ಅವರದು. "ಅಚ್ಚಿಗೆ ಕೊಡೋಕೆ ನಾಳೆ ಕೊನೆ ದಿನ ಆಳ್ವ. ಮೆಲ್ಲಗೆ ಅಗೆದು ತೆಗೀರಿ, ಎರಡು ದಿನ ಗಾಜಿನ ಮನೇಲಿರಲಿ, ಆಮೇಲೆ ಇಲ್ಲಿಗೇ ಬಿಟ್ಕೊಳಿ."

ಆಳ್ವರು ಪೆಟ್ಟಿಗೆಯ ಮುಂದೆ ಕುಳಿತರು. ಎರಡು ಸಲ ತಟ್ಟಿದರು. ಕಾದರು. ಅವರ ಕೈ ಮುಚ್ಚಳದ ಅಂಚಿನ ಮೇಲೆ ಬಹಳ ಹೊತ್ತು ಇತ್ತು. ಆ ಅಚ್ಚಿನ ಅಕ್ಷರಗಳು ಅವರ ಕಣ್ಣಿಗೆ ಕಟ್ಟಿದ್ದವೆಂದು ನನಗೆ ಗೊತ್ತು, ಹೆಸರಿನ ಮುಂದೆ ಇನಿಷಿಯಲ್ ಹಾಕಬೇಕೋ ಬೇಡವೋ ಎಂದು ನನ್ನನ್ನೇ ಎರಡು ಸಲ ಕೇಳಿದ್ದರು. ಕೊನೆಗೆ ಕೈ ತೆಗೆದರು.

"ಬಾಗಿಲು ಹಾಕ್ಕೊಂಡಿದೆ ಸರ್."

"ಸತ್ತಿದ್ರೆ?"

"ಸತ್ತಿದ್ರೂ ಅದರ ಮನೆಯಲ್ಲೇ ಅಲ್ವಾ."

ಒಳಬಾಗಿಲಿನಿಂದ ರಾಜೀವಿಯಕ್ಕನ ದನಿ ಬಂತು: "ಸತ್ತವರು ಎಲ್ಲಿಯಾದ್ರೂ ಒಳಗಿಂದ ಚಿಲಕ ಹಾಕ್ತಾರಾ ಡಾಕ್ಟ್ರೇ? ಚಹ ಕುಡೀರಿ."

ಪ್ರದರ್ಶನದಲ್ಲಿ ಆ ಗಾಜಿನ ಮನೆಯನ್ನು ಮರಗೆಣಸಿನ ತಳಿಗಳನ್ನಿಡಲು ಬಳಸಿದರು. ಆಳ್ವರು ನನ್ನೊಡನೆ ಬಂದು, ಅದರ ಮೂಲೆಗಳು ಇನ್ನೂ ನೆಟ್ಟಗಿವೆಯೇ ಎಂದು ಅಳತೆಗೋಲು ಹಿಡಿದು ನೋಡಿ, ಹಿಂದಿರುಗಿದರು.

ಅಕ್ಟೋಬರಿನ ಒಂದು ಬೆಳಿಗ್ಗೆ ಬಿಲದ ಬಾಯಿ ತೆರೆದಿತ್ತು. ಹೊರಗೆ, ಕಳಚಿಟ್ಟ ಅಂಗಿಯ ಹಾಗೆ, ಹಳೆಯ ಪೊರೆ. ಅದಕ್ಕೆ ಏಳು ಕಾಲು. ವಾರ ಕಳೆದು, ಇಳಿಹೊತ್ತಿನಲ್ಲಿ ಆಳ್ವರು ನನ್ನೊಬ್ಬನನ್ನೇ ಕರೆದು ಜಾಲರಿಯ ಬಳಿ ಕೂರಿಸಿದರು. ಜೇಡ ಬಾಗಿಲಿಗೆ ಬಂದು ನಿಂತಿತ್ತು, ಹೊಸ ಮಖಮಲ್ಲಿನ ಮೈಯಲ್ಲಿ.

"ಎಣಿಸಿ, ಬಿ.ಎಸ್ಸಿ.ಯವರೇ."

ಎಣಿಸಿದೆ. ಎಂಟು. ಒಂದು ಮಾತ್ರ ಗರಿಕೆಯ ಎಳೆಯಷ್ಟು ಸಪೂರ, ಆದರೆ ನೆಲಕ್ಕೆ ಊರಿತ್ತು.

"ಅಂದಾಜು ಬೇಡ. ಇನ್ನೊಮ್ಮೆ ಎಣಿಸಿ."

ನಾನು ಇನ್ನೊಮ್ಮೆ ಎಣಿಸಿದೆ.

ನಮ್ಮಲ್ಲಿ ಸಾಕುವವರು ಬಹಳ. ಗಿಣಿಯನ್ನೋ ಮೀನನ್ನೋ, ಕೆಲವೊಮ್ಮೆ ಮನುಷ್ಯರನ್ನೋ ಪ್ರೀತಿಯಿಂದಲೇ ಸಾಕುತ್ತೇವೆ; ನಮಗೆ ಚಂದ ಕಾಣುವ ಮನೆಯನ್ನು ಕಟ್ಟಿಕೊಟ್ಟು, ಅವರು ಅದರಲ್ಲಿ ನಮ್ಮ ಕಣ್ಣೆದುರಿಗೇ ಸುಖವಾಗಿರಬೇಕೆಂದು ಬಯಸುತ್ತೇವೆ. ತಾನು ಕಟ್ಟಿದ ಮನೆಯ ಬಾಗಿಲಲ್ಲೇ ಅತಿಥಿಯಂತೆ ನಿಂತು, ಒಳಗಿರುವ ಜೀವಕ್ಕೆ ಬೇಕಾದರೆ ಕಾಣಿಸಿಕೊಳ್ಳಲಿ, ಬೇಡವಾದರೆ ಇರಲಿ ಎಂದು ಕಾಯುವವರು ಅಪರೂಪ. ಅಂಥವರ ಹೆಸರು ಅಚ್ಚಾಗುವುದು ಕಡಿಮೆ. ಆದರೆ ಅವರ ಮನೆಯಲ್ಲಿ ಕಳೆದುಹೋದ ಕಾಲು ಮತ್ತೆ ಚಿಗುರಲು ಬೇಕಾದಷ್ಟು ಕತ್ತಲೆಯೂ ಕಾಲವೂ ಇರುತ್ತವೆ. ನನಗೂ ಅಲ್ಲಿ ಅಷ್ಟು ಜಾಗ ಸಿಕ್ಕಿತ್ತು. ಈಗ ಯಾರಾದರೂ ಏನಾದರೂ ಕೇಳಿದರೆ, ಗೊತ್ತಿಲ್ಲದಿದ್ದಾಗ, ಗೊತ್ತಿಲ್ಲ ಎನ್ನುತ್ತೇನೆ.