ತಿದ್ದಿದ ಮುಖ

ಡ್ರಾಯಿಂಗ್ ಮೇಷ್ಟ್ರು ಮಹಾಲಿಂಗಯ್ಯನವರು ನಿವೃತ್ತರಾಗಿದ್ದರೂ ಅವರ ತಿದ್ದುವ ಚಟ ನಿವೃತ್ತಿಯಾಗಿರಲಿಲ್ಲ. ಮದುವೆ ಮನೆಗೆ ಹೋದರೆ ರಂಗೋಲಿ, ಬಸ್ಸಿಗೆ ಕಾದರೆ ಎದುರಿನ ಅಂಗಡಿ ಬೋರ್ಡು, ಯಾವುದನ್ನೂ ಸುಮ್ಮನೆ ಬಿಟ್ಟವರಲ್ಲ. ಆದರೆ ಒಂದು ಮಾತು ಹೇಳಲೇಬೇಕು, ಯಾರ ಮನಸ್ಸನ್ನೂ ನೋಯಿಸುತ್ತಿರಲಿಲ್ಲ. ಮೊದಲು ಮೆಚ್ಚುವುದು, ಆಮೇಲೆ ತಪ್ಪು ತೋರಿಸುವುದು, ಸರಿಮಾಡುವ ದಾರಿಯನ್ನೂ ಹೇಳಿಯೇ ಏಳುವುದು. ಹಳೆಯ ಶಿಷ್ಯೆ ಸುಮನಾ ತುಮಕೂರಿನ ಬಟವಾಡಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು ಟ್ಯಾಬಿನಲ್ಲಿ ಚಿತ್ರ ಬರೆಯುವವಳು. ಏನೇ ಬರೆದರೂ ಇವರಿಗೆ ತೋರಿಸದೆ ಕೊಡುತ್ತಿರಲಿಲ್ಲ.

ಆ ದಿನ ಅವಳು ತೋರಿಸಿದ್ದು ಸತ್ತವನೊಬ್ಬನ ಮುಖ. ಮಾರ್ಕೋನಹಳ್ಳಿ ಡ್ಯಾಮಿನಲ್ಲಿ ಈಜಲು ಇಳಿದು ಮುಳುಗಿದ ಯಾರೋ ಹುಡುಗ. ದಡದಲ್ಲಿಟ್ಟ ಬಟ್ಟೆ, ಮೊಬೈಲು ಯಾರ ಪಾಲಾಯಿತೋ, ಗುರುತಿಗೆ ಏನೂ ಸಿಕ್ಕಿರಲಿಲ್ಲ. ನೀರಲ್ಲಿ ಊದಿದ ಮುಖದ ಫೋಟೊವನ್ನು ಗೋಡೆಗೆ ಅಂಟಿಸುವಂತಿಲ್ಲ. ಬದುಕಿದ್ದಾಗ ಹೇಗಿದ್ದನೋ ಹಾಗೆ ಬೇಗ ಒಂದು ಸ್ಕೆಚ್ ಮಾಡಿಕೊಡು ಎಂದು ಪೊಲೀಸರು ಅವಳನ್ನು ಕೇಳಿದ್ದರು.

"ಲೈನ್ ಚೆನ್ನಾಗಿದೆ ಕಣಮ್ಮ. ತುಟಿ ಅಂತೂ ಈಗ್ಲೇ ಮಾತಾಡೋ ಹಂಗಿದೆ," ಎಂದರು ಮೇಷ್ಟ್ರು. "ಆದ್ರೆ ಎಡಗಣ್ಣು ಕೆಳಗಿಳಿದಿದೆ ನೋಡು. ಎರಡೂ ಒಂದೇ ಗೆರೆ ಮೇಲೆ ಕೂತ್ಕೋಬೇಕು."

"ಫೋಟೊದಲ್ಲಿ ಹಂಗೇ ಇದೆ ಸಾರ್."

"ಅದು ನೀರು ಮಾಡಿರೋದು. ನೀನು ಸತ್ತೋನ್ನ ಬರೀಬೇಡ, ಬದುಕಿದ್ದೋನ್ನ ಬರಿ."

ಸುಮನಾ ಫೋಟೊವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದಳು. ಗುರುಗಳಿಗೆ ಎದುರಾಡಿ ಅವಳಿಗೆ ಅಭ್ಯಾಸವಿಲ್ಲ. ಕಣ್ಣನ್ನು ಮೇಲಕ್ಕೆ ತಂದಳು. ಚಿತ್ರ ಲಕ್ಷಣವಾಯಿತು. ತುಮಕೂರು, ಗುಬ್ಬಿ, ಕುಣಿಗಲ್ ಬಸ್ ಸ್ಟ್ಯಾಂಡುಗಳಲ್ಲಿ ಆ ಮುಖ ಅಂಟಿಕೊಂಡಿತು. ನೋಡಿದವರೆಲ್ಲ ಅಯ್ಯೋ ಪಾಪ ಎಂದರು, ನಮ್ಮವನು ಎಂದು ಒಬ್ಬರೂ ಬರಲಿಲ್ಲ. ಕೊನೆಗೆ ಪೊಲೀಸರೇ ಮಣ್ಣು ಮಾಡಿಸಿದರು.

ಒಂದಷ್ಟು ವಾರ ಕಳೆದ ಮೇಲೆ ಸುಮನಾ ಫೋನ್ ಮಾಡಿ, "ಸಾರ್, ಅಂಗಡಿಗೆ ಬನ್ನಿ," ಎಂದಷ್ಟೇ ಹೇಳಿದಳು. ಹೋಗಿ ನೋಡಿದರೆ ಬಿದರೆಹಳ್ಳಿ ಕಾವಲ್ ಕಡೆಯ ರಂಗಲಕ್ಷ್ಮಮ್ಮ ಎಂಬಾಕೆ ಮಗ ಕಾಣೆಯಾದ ಪೋಸ್ಟರ್ ಮಾಡಿಸಲು ಬಂದು ಕೂತಿದ್ದಳು. ಮಗ ಕಾಂತೇಶ್ ಕುಣಿಗಲ್‌ನಲ್ಲಿ ಹೋಟೆಲ್ ಕೆಲಸಕ್ಕಿದ್ದವನು. ಮನೆಯಲ್ಲಿ ಜಗಳವಾಡಿ ಹೋಗಿದ್ದ. ಫೋನ್ ಆಫ್ ಆಗಿದ್ದರೂ ಸಿಟ್ಟಿನ್ನೂ ಇಳಿದಿಲ್ಲ ಎಂದು ಇವಳು ಸುಮ್ಮನಿದ್ದಳು. ಊರಿಗೆ ಹೋಗಿರಬೇಕು ಎಂದು ಹೋಟೆಲಿನವರು ಸುಮ್ಮನಿದ್ದರು. ಟೇಬಲ್ ಮೇಲೆ ಅವನ ಫೋಟೊ ಇತ್ತು. ತುಟಿ ಅದೇ. ಎಡಗಣ್ಣು ಬಲಗಣ್ಣಿಗಿಂತ ಕೆಳಗೆ, ಸುಮನಾ ಮೊದಲು ಬರೆದಿದ್ದ ಹಾಗೇ.

ಮೇಷ್ಟ್ರು ಫೋಟೊವನ್ನು ಕಣ್ಣ ಹತ್ತಿರ ತಂದು ನೋಡಿದರು. ಸ್ಟೂಲ್ ಎಳೆದುಕೊಂಡು ಕೂತರು.

"ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ಒಂದು ಹುಡುಗನ ಪೋಸ್ಟರ್ ಹಾಕವ್ರೆ ಸ್ವಾಮಿ," ಎಂದಳು ಆಕೆ. "ಅದರ ಮುಂದೇನೇ ನಿಂತ್ಕೊಂಡು ಬಸ್ ಕಾಯ್ತಿದ್ದೆ. ಓದಕ್ಕೆ ಬರಲ್ಲ, ಅವನೂ ಕಳೆದೋಗವ್ನೆ ಅನ್ಕೊಂಡು, ಯಾವ ತಾಯಿ ಹೆತ್ತ ಮಗಾನೋ ಅಂತ ಕಣ್ಣೀರಾಕಿದೀನಿ. ಅಂಥಾದ್ದೇ ನಮ್ಮ ಹುಡುಗಂದೂ ಮಾಡ್ಕೊಡಿ. ಎಲ್ಲಿದ್ರೂ ನೋಡ್ಕೊಂಡು ಬರ್ತಾನೆ."

ಸುಮನಾ ಗೋಡೆ ಕಡೆ ತಿರುಗಿಕೊಂಡಳು. ಪೋಸ್ಟರ್ ಮಾಡಿ ಕೈಗಿಟ್ಟುಬಿಟ್ಟರೆ ಆಕೆ ಬದುಕಿರುವವರೆಗೂ ಕಾಯುತ್ತಾ ಇರುತ್ತಾಳೆ, ಮೇಷ್ಟ್ರ ಮರ್ಯಾದೆಯೂ ಉಳಿಯುತ್ತದೆ. ಅಂಥ ಯೋಚನೆ ಬಂದದ್ದಕ್ಕೇ ಮಹಾಲಿಂಗಯ್ಯನವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

"ಅಮ್ಮಾ, ಆ ಪೋಸ್ಟರಲ್ಲಿ ಇರೋನೇ ನಿಮ್ಮ ಮಗ," ಎಂದರು. "ಈ ಹುಡುಗಿ ಸರಿಯಾಗೇ ಬರ್ದಿದ್ಲು. ಕಣ್ಣು ತಿದ್ಸಿದ್ದು ನಾನು. ಅವನು ನೀರಲ್ಲಿ ಹೋಗ್ಬಿಟ್ಟ ಕಣಮ್ಮಾ. ಪೊಲೀಸ್ನೋರೇ ಮಣ್ಣು ಮಾಡಿಸಿದ್ರು."

ರಂಗಲಕ್ಷ್ಮಮ್ಮ ಫೋಟೊ ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಮತ್ತೆ ಒರೆಸಿದಳು. "ಮಣ್ಣು ಯಾರಾಕಿದ್ರು?" ಎಂದು ಕೇಳಿದಳು.

ಸುಮನಾ ಪೊಲೀಸರನ್ನು ಆಗಲೇ ವಿಚಾರಿಸಿದ್ದಳು.

"ಜೆಸಿಬಿ ತರಿಸಿದ್ರಂತೆ ಅಮ್ಮ," ಎಂದಳು.

"ಕೈಯಲ್ಲಿ ಒಂದಿಡಿ ಹಾಕೋರೂ ಯಾರೂ ಇರ್ಲಿಲ್ವಾ?"