ಜಡ್ಜಮ್ಮನ ಗುರುವಾರ

ನನ್ನ ಗಂಡ ವರ್ಲಿನ್ ಕುಡಿತ ಬಿಟ್ಟಿದ್ದು ನನಗಾಗಿ ಅಲ್ಲ, ಜಡ್ಜ್ ಟೋಲೆಫ್ಸನ್‌ಗಾಗಿ. ಮದುವೆಯಾದಾಗಿನಿಂದ ನಾನು ಅತ್ತೂ ಕರೆದೂ ನೋಡಿದ್ದೆ, ಬಾಟಲಿಗಳನ್ನು ಸಿಂಕಿಗೆ ಸುರಿದಿದ್ದೆ, ಮುನಿಸಿಕೊಂಡು ತವರಿಗೂ ಹೋಗಿದ್ದೆ. ಆಸಾಮಿ ಜಗ್ಗಿರಲಿಲ್ಲ. ಮತ್ತೊಮ್ಮೆ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಾಗ ಜೈಲಿನ ಬದಲು, ಕುಡುಕರಿಗೆ ಚಿಕಿತ್ಸೆ ಕೊಡಿಸಿ ಕಣ್ಣಿಡುವ ಕೋರ್ಟಿಗೆ ಹಾಕಿದರು. ಪ್ರತಿ ಗುರುವಾರ ಜಡ್ಜ್ ಮುಂದೆ ನಿಂತು ವಾರದ ವರದಿ ಒಪ್ಪಿಸಬೇಕು. ಆ ಹೆಂಗಸು ಒಮ್ಮೆ ಹುಬ್ಬೇರಿಸಿದ್ದಕ್ಕೆ ಈತ ಬಾಟಲಿ ಕೆಳಗಿಟ್ಟ.

ಆ ಕೋರ್ಟಿನಲ್ಲೊಂದು ಪದ್ಧತಿ. ಯಾರು ನಿಜ ಹೇಳಿದರೂ, ಅದೆಷ್ಟೇ ಕೆಟ್ಟದ್ದಾದರೂ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಹುಡುಗನಾಗಿದ್ದಾಗ ಅಮಲೇರಿದ ಅಪ್ಪನನ್ನು ಬಾರಿನಿಂದ ಟ್ರ್ಯಾಕ್ಟರಿನಲ್ಲಿ ಮನೆಗೆ ತರುತ್ತಿದ್ದ ಕಥೆಯನ್ನು ವರ್ಲಿನ್ ಅಲ್ಲಿ ಹೇಳಿದ. ಹಿಂದಿನ ಬೆಂಚಿನಲ್ಲಿದ್ದ ನಾನು ಅದನ್ನು ಕೇಳಿದ್ದು ಅದೇ ಮೊದಲು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

ಹೊಟ್ಟೆಕಿಚ್ಚು, ಇನ್ನೇನು. ಗುರುವಾರ ಬಂದರೆ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಸೆಮಣೆ ಏರುವವನ ಹಾಗೆ ಹೊರಡುತ್ತಿದ್ದ. ಆ ಅಂಗಿಗೆ ಇಸ್ತ್ರಿ ಹಾಕುವವಳು ನಾನು. ಮನೆಯಲ್ಲಿ ಹೇಗಿದ್ದೀಯ ಎಂದರೆ, ಚೆನ್ನಾಗಿದ್ದೀನಿ ಎಂದು ಹೇಳಿ ಟಿವಿ ಹಚ್ಚುತ್ತಿದ್ದ.

ಹಿಮ ಕರಗುವ ಹೊತ್ತಿಗೆ ಆ ಕೋರ್ಟಿಗೆ ಬರುತ್ತಿದ್ದ ಅನುದಾನ ಮುಗಿಯಿತು. ಇನ್ನು ನಮ್ಮ ಕೌಂಟಿಯೇ, ಅಂದರೆ ಜಿಲ್ಲೆಯ ಆಡಳಿತವೇ, ದುಡ್ಡು ಕೊಡಬೇಕು, ಇಲ್ಲವಾದರೆ ಬಾಗಿಲು ಮುಚ್ಚುತ್ತದೆ. ಕುಡುಕರಿಗೆ ನಮ್ಮ ತೆರಿಗೆ ಯಾಕೆ ಎಂದು ಕೌಂಟಿ ಮಂಡಳಿಯ ಅಧ್ಯಕ್ಷರು ಗೊಣಗುತ್ತಿದ್ದರಂತೆ. ಹೆಂಡತಿಯೊಬ್ಬಳು ಬಂದು ಮಾತಾಡಿದರೆ ಮನಸ್ಸು ಕರಗಬಹುದು, ನೀವು ಬನ್ನಿ ಎಂದು ಕೋರ್ಟಿನಿಂದ ಫೋನು ಬಂತು. ಮುಚ್ಚಿಹೋಗಲಿ, ಪೀಡೆ ತೊಲಗಲಿ ಎಂದು ನನಗನ್ನಿಸಿದ್ದು ಸುಳ್ಳಲ್ಲ. ಆದರೂ ಮಂಡಳಿಯ ಸಭೆಗೆ ಹೋದೆ. ವರ್ಲಿನ್, ಜಡ್ಜ್, ಆ ಕೋರ್ಟಿನವರೆಲ್ಲ ಅಲ್ಲಿ ಬಂದು ಕುಳಿತಿದ್ದರು.

ನನ್ನ ಹೆಸರು ಕೂಗಿದರು. ಧನ್ಯವಾದದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಎದ್ದು ನಿಂತು ವರ್ಲಿನ್ ಕಡೆ ನೋಡಿದರೆ, ಅವನ ಕಣ್ಣು ಜಡ್ಜ್ ಮೇಲಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ನನಗೆ ಆ ಜಡ್ಜಮ್ಮನ್ನ ಕಂಡ್ರೆ ಆಗಲ್ಲ," ಎಂದೆ. "ನನ್ನ ಗಂಡ ನನ್ ಹತ್ರ ಒಂದು ದಿನಾನೂ ಬಾಯಿ ಬಿಡದಿದ್ದನ್ನೆಲ್ಲ ಅವ್ರ ಮುಂದೆ ಬಿಚ್ಚಿಡ್ತಾನೆ. ನೀವು ಈ ಕೋರ್ಟ್ ಮುಚ್ಚಿದ್ರೆ ಅವನು ನನ್ ಹತ್ರ ಹೇಳ್ಕೋತಾನೆ ಅಂದ್ಕೊಂಡ್ರಾ? ಬಾಟ್ಲಿ ಹತ್ರ ಹೇಳ್ಕೋತಾನೆ. ಬಾಟ್ಲಿಗಿಂತ ಆ ಯಮ್ಮನೇ ವಾಸಿ. ಮುಚ್ಚಬೇಡಿ."

ಆ ಕೋರ್ಟಿನವರೆಲ್ಲ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಇದು ನಿಮ್ಮ ಕೋರ್ಟಲ್ಲ, ಇಲ್ಲಿ ಚಪ್ಪಾಳೆ ಕೂಡದು ಎಂದು ಅಧ್ಯಕ್ಷರು ಸುತ್ತಿಗೆ ಬಡಿದರು. ಮೊದಲು ತಟ್ಟಿದವನು ವರ್ಲಿನ್. ಜಡ್ಜಮ್ಮ ಮಾತ್ರ ತಲೆ ತಗ್ಗಿಸಿ ಕುಳಿತಿದ್ದಳು. ಕೊನೆಗೆ ಒಂದೇ ಮತದ ಅಂತರದಿಂದ ದುಡ್ಡು ಮಂಜೂರಾಯಿತು.

ಅವನ ಲೈಸೆನ್ಸ್ ಇನ್ನೂ ವಾಪಸ್ ಬಂದಿರಲಿಲ್ಲ, ಕಾರು ನಾನೇ ಓಡಿಸುತ್ತಿದ್ದೆ. ಸಭೆ ಮುಗಿಸಿ ಊರು ದಾಟಿದೆವು.

"ಆರ್ಡಿಸ್," ಎಂದ. "ಬೆಳಗ್ಗೆಯಿಂದ ಕುಡೀಬೇಕು ಅನ್ನಿಸ್ತಿದೆ ಕಣೆ. ತಡ್ಕೊಳ್ಳಕ್ಕೆ ಆಗ್ತಿಲ್ಲ."

"ಜಡ್ಜಮ್ಮನಿಗೆ ಹೇಳಿದ್ಯಾ?"

"ಇಲ್ಲ. ಇನ್ನೂ ಯಾರಿಗೂ ಹೇಳಿಲ್ಲ."

ಅಂಥ ಮಾತು ಕೇಳಿ ನನಗೆ ಭಯವಾಗಬೇಕಿತ್ತು. ದೇವರು ಕ್ಷಮಿಸಲಿ, ಖುಷಿಯಾಯಿತು.